ಬಯೋಟಿನ್ ಡಬ್ಬಿ ಶೆಲ್ಫಿನಿಂದ ಇಳಿಸಿದ ಮೇಲೆ: ಉಗುರು, ಕೂದಲಿನ ನನ್ನ ಅನುಭವ

ತಿಪಟೂರಿನಲ್ಲಿ ಪಾರ್ಲರ್ ನಡೆಸುವವರಲ್ಲಿ, ಉಗುರು ಸೀಳುತ್ತದೆ ಎಂದು ಬಂದವರನ್ನು ಮೊದಲು ರಕ್ತ ಪರೀಕ್ಷೆಗೆ ಕಳಿಸುವವಳು ನಾನೊಬ್ಬಳೇ ಇರಬೇಕು. "ಲ್ಯಾಬಿನವರು ಎಷ್ಟು ಕಮಿಷನ್ ಕೊಡ್ತಾರೆ ಕಣೇ?" ಎಂದು ಮುಖಕ್ಕೇ ಕೇಳಿದವರಿದ್ದಾರೆ. ಒಂದು ರೂಪಾಯಿಯೂ ಇಲ್ಲ. ಹಾಗೆ ಕೇಳಿದವರೇ ಈಗ ತಮ್ಮ ಗಿರಾಕಿಗಳನ್ನು ನನ್ನಲ್ಲಿಗೆ ಕಳಿಸುತ್ತಿದ್ದಾರೆ, ಹಾಗಾಗಿ ಬರೆಯಲು ಧೈರ್ಯ ಬಂದಿದೆ. ಉಗುರು ಉಜ್ಜುವ ಫೈಲ್ ಹಿಡಿಯುವುದು, ಕ್ಯುಟಿಕಲ್ (ಉಗುರಿನ ಬುಡದ ಚರ್ಮ) ತಳ್ಳುವುದು ಪಾರ್ಲರಿನವರೆಲ್ಲರಿಗೂ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ದುಡ್ಡಿನ ಮಾತು. ನಾಲ್ಕೈದು ವರ್ಷದ ಹಿಂದೆ ಒಂದು ಕಂಪನಿಯ ಹುಡುಗ ಬಯೋಟಿನ್ ಮಾತ್ರೆ, ಗಮ್ಮೀಸ್ (ಜಗಿಯುವ ಮಿಠಾಯಿಯಂಥದ್ದು) ಎರಡನ್ನೂ ತಂದಿಟ್ಟ. ಬಯೋಟಿನ್ ಅಂದರೆ ಕೂದಲು, ಉಗುರಿಗೆ ಒಳ್ಳೆಯದೆಂದು ಮಾರುವ ಒಂದು ಬಿ ವಿಟಮಿನ್. ಎಂಆರ್‌ಪಿ ಎಂಟುನೂರರಿಂದ ಒಂಬೈನೂರು, ನಮಗೆ ಬೀಳುವುದು ಐನೂರರ ಆಸುಪಾಸು. ತಿಂಗಳಿಗೆ ಹದಿನೈದು ಡಬ್ಬಿ ಹೋದರೂ ಅಂಗಡಿ ಬಾಡಿಗೆಯ ಅರ್ಧ ಬಂತು. ಹೋಗುತ್ತಲೂ ಇತ್ತು. ಡಬ್ಬಿಯ ಮೇಲೆ 10,000 ಮೈಕ್ರೋಗ್ರಾಂ ಎಂದು ದೊಡ್ಡದಾಗಿ ಬರೆದಿರುತ್ತದಲ್ಲ, ಸೊನ್ನೆ ನೋಡಿಯೇ ಜನ ಕೊಳ್ಳುತ್ತಾರೆ. ದೊಡ್ಡವರಿಗೆ ದಿನಕ್ಕೆ ಸಾಕಾಗುವುದು 30 ಮೈಕ್ರೋಗ್ರಾಂ ಸುತ್ತಮುತ್ತ, ಅದು ಮೊಟ್ಟೆ, ಕಡಲೇಬೀಜ, ಕಾಳುಗಳಲ್ಲೇ ಸಿಗುತ್ತದೆ. ನಿಜವಾದ ಬಯೋಟಿನ್ ಕೊರತೆ ಇರುವವರು ಅಪರೂಪ. ಹಸಿ ಮೊಟ್ಟೆಯ ಬಿಳಿ ಭಾಗ ಬಯೋಟಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಜಿಮ್ ಹುಡುಗರು ಹಸಿ ಮೊಟ್ಟೆ ಸುರಿದುಕೊಂಡು ಮೇಲೊಂದು ಬಯೋಟಿನ್ ಮಾತ್ರೆ ನುಂಗುವುದನ್ನು ಕಂಡರೆ ನನಗೆ ನಗು.

ಡಬ್ಬಿ ಕೊಂಡವರ ಉಗುರನ್ನು ನಾನು ಪ್ರತಿ ತಿಂಗಳು ನೋಡುತ್ತಿದ್ದೆ. ಮೂರು ಡಬ್ಬಿ ಮುಗಿಸಿದವರಲ್ಲೂ ಹೆಚ್ಚಿನವರಿಗೆ ಅದೇ ಪದರ, ಅದೇ ಸೀಳು. ಸುಧಾರಿಸಿದವರು ಹತ್ತರಲ್ಲಿ ಇಬ್ಬರೋ ಮೂವರೋ. ಅವರನ್ನು ಕೂರಿಸಿಕೊಂಡು ಕೇಳಿದರೆ ಬೇರೆಯದೂ ಒಂದು ಹೊರಬರುತ್ತಿತ್ತು. ಒಬ್ಬರು ಪಾತ್ರೆಗೆ ಕೆಲಸದವಳನ್ನು ಇಟ್ಟಿದ್ದರು, ಇನ್ನೊಬ್ಬರು ಜೆಲ್ ಪಾಲಿಶ್ ಬಿಟ್ಟಿದ್ದರು, ಮತ್ತೊಬ್ಬರಿಗೆ ಡಾಕ್ಟರು ಥೈರಾಯ್ಡ್ ಮಾತ್ರೆ ಶುರು ಮಾಡಿದ್ದರು. ಹೆಸರು ಮಾತ್ರ ಡಬ್ಬಿಗೆ.

ಬಯೋಟಿನ್ ಪೂರ್ತಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಈ ವಿಷಯ ಶುರುವಾಗಿದ್ದೇ ಕುದುರೆ, ಹಂದಿಗಳ ಗೊರಸಿನಿಂದ. 1990ರ ಸುಮಾರಿಗೆ ಸ್ವಿಟ್ಜರ್ಲೆಂಡಿನವರು ದಿನಕ್ಕೆ 2.5 ಮಿಲಿಗ್ರಾಂ ಕೊಟ್ಟು ನೋಡಿ, ಉಗುರು ಕಾಲು ಭಾಗದಷ್ಟು ದಪ್ಪವಾಯಿತು ಎಂದು ಬರೆದರು. ನೋಡಿದ್ದು ಬೆರಳೆಣಿಕೆಯ ಜನರನ್ನು. ಅಷ್ಟರ ಮೇಲೆ ಇಷ್ಟು ದೊಡ್ಡ ವ್ಯಾಪಾರ ನಿಂತಿದೆ. ಡಬ್ಬಿಯ 10,000 ಮೈಕ್ರೋಗ್ರಾಂ ಎಂದರೆ 10 ಮಿಲಿಗ್ರಾಂ, ಅವರು ಕೊಟ್ಟದ್ದರ ನಾಲ್ಕರಷ್ಟನ್ನು ನಮ್ಮ ಡಬ್ಬಿಯವನು ಕೊಡುತ್ತಾನೆ ಎನ್ನುವುದನ್ನೂ ಗಮನಿಸಿ.

ಗೊರಸು ಎಂದಾಗ ನಮ್ಮಣ್ಣನ ಕೊಟ್ಟಿಗೆಯ ಕಥೆ ನೆನಪಾಗುತ್ತದೆ. ಎಚ್‌ಎಫ್ ತಳಿಯ ಹಸುಗಳು, ಸಿಮೆಂಟ್ ನೆಲ, ಸದಾ ಗಂಜಲದ ತೇವ. ಎರಡು ಹಸುವಿನ ಗೊರಸು ಬಿರಿದು ಕುಂಟುತ್ತಿದ್ದವು. ವೆಟರ್ನರಿ ಡಾಕ್ಟರು ಖನಿಜ ಮಿಶ್ರಣದ ಜೊತೆ ಹಸುವೊಂದಕ್ಕೆ ದಿನಕ್ಕೆ 20 ಮಿಲಿಗ್ರಾಂ ಬಯೋಟಿನ್ ಹಾಕಿಸಿದರು. ಅತ್ತಿಗೆ ಅದೇ ವಾರ ಹಟ ಹಿಡಿದು ರಬ್ಬರ್ ಮ್ಯಾಟ್ ಹಾಸಿಸಿದರು. ಆರೇಳು ತಿಂಗಳಿಗೆ ಗೊರಸು ಕೂಡಿಕೊಂಡಿತು. ಅಣ್ಣ ಇವತ್ತಿಗೂ ಬಯೋಟಿನ್ ಅನ್ನುತ್ತಾನೆ, ಅತ್ತಿಗೆ ಮ್ಯಾಟ್ ಅನ್ನುತ್ತಾರೆ. ನಾನು ಅತ್ತಿಗೆ ಕಡೆ. ತೇವ ತಪ್ಪಿಸದೆ ಏನು ತಿನ್ನಿಸಿದರೂ ಅಷ್ಟೇ ಎನ್ನುವುದು ನನಗೆ ತಲೆಗೆ ಹೋಗಿದ್ದು ಆ ಕೊಟ್ಟಿಗೆಯಲ್ಲಿ.

ಮಧ್ಯೆ ಮಾಡಿ ನೋಡಿದ ಬೇರೆ ಪ್ರಯೋಗಗಳೂ ಇವೆ. ಜೆಲಾಟಿನ್: ಅಂಗಡಿಯಿಂದ ಪುಡಿ ತಂದು ಎರಡು ತಿಂಗಳು ನಾನೇ ಕುಡಿದೆ, ಒಂದು ಗುಲಗಂಜಿಯಷ್ಟೂ ಬದಲಾವಣೆ ಇಲ್ಲ. ಮೇಲಾಗಿ ಅದು ಬರುವುದು ದನ, ಹಂದಿಯ ಚರ್ಮ, ಮೂಳೆಯಿಂದ. ನಮ್ಮೂರಿನ ಲಿಂಗಾಯತರ ಮನೆಗಳಲ್ಲಿ ಜೆಲಾಟಿನ್ ಇರುವ ಗಮ್ಮೀಸ್ ಡಬ್ಬಿ ತಿರುಗಿಸಿ ಮಾಂಸಾಹಾರದ ಕಂದು ಗುರುತು ತೋರಿಸಿದರೆ ಸಾಕು, ಮುಟ್ಟುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ: ಉಗುರಿನ ಬಿಳಿ ಚುಕ್ಕೆ ಕಂಡ ಕೂಡಲೇ ಕ್ಯಾಲ್ಸಿಯಂ ಕೊಡಿಸುವ ಅಮ್ಮಂದಿರು ಬಹಳ. ಚುಕ್ಕೆ ಬರುವುದು ಹೆಚ್ಚಾಗಿ ಉಗುರಿನ ಬುಡಕ್ಕೆ ಪೆಟ್ಟು ಬಿದ್ದು. ಉಗುರಿನ ಗಟ್ಟಿತನ ಕೆರಟಿನ್ ಎಂಬ ಪ್ರೋಟೀನಿನದು, ಅದರಲ್ಲಿ ಕ್ಯಾಲ್ಸಿಯಂ ಇರುವುದೇ ಚೂರು. ಇನ್ನು ಫಾರ್ಮಾಲ್ಡಿಹೈಡ್ ಇರುವ ನೇಲ್ ಹಾರ್ಡ್‌ನರ್ (ಉಗುರು ಗಟ್ಟಿ ಮಾಡಲು ಹಚ್ಚುವ ದ್ರವ): ಮೊದಲ ಮೂರು ವಾರ ಗಿರಾಕಿ ಹೊಗಳುತ್ತಾರೆ, ಆಮೇಲೆ ಉಗುರು ಬಾಗುವುದನ್ನೇ ಮರೆತು ಪಟ್ ಎಂದು ಮುರಿಯುತ್ತದೆ. ಆ ಬಾಟಲಿಗಳಿಗೆ ಹಾಕಿದ ದುಡ್ಡು ಎರಡು ಸಾವಿರಕ್ಕೆ ಕಡಿಮೆ ಇಲ್ಲ.

ಈಗ ಕೆಲಸ ಮಾಡಿದ ದಾರಿ.

ಉಗುರು ತೆಳ್ಳಗೆ, ಚಪ್ಪಟೆ ಅಥವಾ ಚಮಚದ ಹಾಗೆ ಗುಳಿ ಬಿದ್ದಿದೆ, ಕೂದಲೂ ಉದುರುತ್ತಿದೆ, ಮುಟ್ಟಿನಲ್ಲಿ ಹೆಚ್ಚು ಹೋಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಇಂಥವರನ್ನು ಕಂಡರೆ ಮೂರು ಪರೀಕ್ಷೆ ಹೇಳುತ್ತೇನೆ: ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಟಿಎಸ್‌ಎಚ್ (ಥೈರಾಯ್ಡ್‌ನದು). ಮೂರೂ ಸೇರಿ ಸಾವಿರದಿಂದ ಸಾವಿರದ ಮುನ್ನೂರು ಆಗುತ್ತದೆ. ಒಂದೂವರೆ ಡಬ್ಬಿ ಗಮ್ಮೀಸಿನ ದುಡ್ಡು. ಮುಖ್ಯವಾದದ್ದು ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ. ಹಿಮೋಗ್ಲೋಬಿನ್ 12 ಇದೆ, ನನಗೇನೂ ಇಲ್ಲ ಎಂದು ವಾದ ಮಾಡಿದ ಟೀಚರ್ ಒಬ್ಬರ ಫೆರಿಟಿನ್ ಎಂಟೋ ಒಂಬತ್ತೋ ಬಂತು. ಕೈಯಲ್ಲಿ ಸಂಬಳ ಓಡಾಡುತ್ತಿದೆ, ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ, ಹಾಗೆ. ಜ್ವರ ಬಂದು ಹೋದ ಕೂಡಲೇ ಈ ಪರೀಕ್ಷೆ ಮಾಡಿಸಬೇಡಿ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರಿ ನಿಲ್ಲುತ್ತದೆ.

ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರವೇ ಹೋಗಬೇಕು, ಮಾತ್ರೆ ಬರೆಯುವುದು ನಮ್ಮ ಕೆಲಸವಲ್ಲ. ಥಲಸೀಮಿಯಾ ತರಹದ ರಕ್ತದೋಷ ಇದ್ದವರಿಗೆ ಕಬ್ಬಿಣ ತುಂಬಿಸಿದರೆ ಅಪಾಯ. ನಮ್ಮ ಪಾಲಿನ ಕೆಲಸ ಆಮೇಲಿನದು, ಏಕೆಂದರೆ ಮಾತ್ರೆ ಬರೆಸಿಕೊಂಡವರಲ್ಲಿ ಅರ್ಧಕ್ಕರ್ಧ ಜನ ಮೂರನೇ ವಾರಕ್ಕೆ ಬಿಡುತ್ತಾರೆ. ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ, ಬಾಯಲ್ಲಿ ತುಕ್ಕಿನ ರುಚಿ. ಕಪ್ಪಾಗುವುದು ಮಾಮೂಲು ಎಂದು ಮೊದಲೇ ಹೇಳಿದರೆ ಹೆದರುವುದಿಲ್ಲ. ದಿನ ಬಿಟ್ಟು ದಿನ ತೆಗೆದುಕೊಂಡರೂ ಚೆನ್ನಾಗಿ ಹೀರುತ್ತದೆ, ಹೊಟ್ಟೆಗೂ ಹಗುರ. ಡಾಕ್ಟರನ್ನು ಇದೊಂದು ಕೇಳಿ ಎಂದು ಚೀಟಿಯಲ್ಲಿ ಬರೆದು ಕಳಿಸುತ್ತೇನೆ. ಕಾಫಿ ಕಷ್ಟ. ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಇಲ್ಲದೆ ನಮ್ಮ ಕಡೆಯವರ ಕೈಕಾಲು ಆಡುವುದಿಲ್ಲ, ಕಾಫಿ ಜೊತೆಗೇ ಮಾತ್ರೆ ನುಂಗಿದರೆ ಸರಿಯಾಗಿ ಹೀರುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ. ಸಂಜೆ ನಾಲ್ಕರ ಸುಮಾರಿಗೆ ನಿಂಬೆ ಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ ಎಂದ ಮೇಲೆ ಬಿಡುವವರು ಕಡಿಮೆಯಾದರು.

ಇದಕ್ಕೆ ಖರ್ಚು? ಅನೀಮಿಯ ಮುಕ್ತ ಭಾರತ ಯೋಜನೆಯಲ್ಲಿ ಹೆಂಗಸರಿಗೆ ಕೆಂಪು, ಹದಿಹರೆಯದ ಮಕ್ಕಳಿಗೆ ನೀಲಿ ಮಾತ್ರೆ ಪುಕ್ಕಟೆ, ಕೆಂಪಿನಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಪುಕ್ಕಟೆ ಎಂಬುದೇ ಅದಕ್ಕೆ ಶಾಪ. ಆಶಾ ಕಾರ್ಯಕರ್ತೆ ಕೊಟ್ಟ ಪಟ್ಟಿ ಕಿಟಕಿ ಮೇಲೆ ಬಿದ್ದಿರುತ್ತದೆ, ಒಂಬೈನೂರರ ಡಬ್ಬಿ ಬೀರುವಿನಲ್ಲಿ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ, ನಮ್ಮ ರಾಜ್ಯದಲ್ಲೂ ಅರ್ಧದ ಹತ್ತಿರ. ಅಂದರೆ ನಮ್ಮ ಕುರ್ಚಿಯಲ್ಲಿ ಕೂರುವ ಇಬ್ಬರಲ್ಲಿ ಒಬ್ಬರು. ಬಯೋಟಿನ್ ಕೊರತೆಯವರು ಎಷ್ಟು ಜನ ಸಿಕ್ಕಾರು?

ಒಬ್ಬ ಅಜ್ಜಿ ಸೊಸೆಯ ಜೊತೆ ಬಂದವರು, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಬೇಕು ಇವಳಿಗೆ" ಎಂದು ರೇಗಿದರು. ನಾನು, "ಅಜ್ಜಿ, ಅದನ್ನೇ ನಾನೂ ಹೇಳ್ತಿರೋದು, ಮೊದಲು ಹೊಟ್ಟೆಗೆ ಹಾಕಿ" ಅಂದೆ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿ, ಬೆಳಿಗ್ಗೆ ಏನೂ ತಿನ್ನದೆ ಬಸ್ಸು ಹತ್ತುವವಳು. ಅಜ್ಜಿಯೇ ಆಮೇಲೆ ರಾಗಿ ಮುದ್ದೆ, ಹುರುಳಿಕಾಳು, ನುಗ್ಗೆಸೊಪ್ಪಿನ ಜವಾಬ್ದಾರಿ ಹೊತ್ತರು. ಅತ್ತೆಯರನ್ನು ಒಪ್ಪಿಸಲು ನನ್ನದೊಂದು ಮಾತಿದೆ, ಅದನ್ನಿಲ್ಲಿ ಬರೆದರೆ ಅತ್ತೆಯರೂ ಓದಿಬಿಡುತ್ತಾರೆ.

ಕಬ್ಬಿಣ ಸರಿ ಇದ್ದೂ ಉಗುರು ಪದರ ಪದರ ಏಳುತ್ತಿದ್ದರೆ ಕಾರಣ ಹೆಚ್ಚಾಗಿ ನೀರು. ನೆನೆದು ಒಣಗಿ, ಮತ್ತೆ ನೆನೆದು ಒಣಗಿ ಪದರ ಬಿಡುತ್ತದೆ. ಪಾತ್ರೆ ಸೋಪು, ಬಟ್ಟೆ ಪುಡಿ, ವಾರಕ್ಕೊಮ್ಮೆ ಪಾಲಿಶ್ ತೆಗೆಯುವ ಅಸಿಟೋನ್ ಸೇರಿದರೆ ಮುಗಿಯಿತು. ಬರೀ ರಬ್ಬರ್ ಗ್ಲೌಸ್ ಕೊಟ್ಟೆ, ಒಳಗೆ ಬೆವತು ಇನ್ನೂ ಹಾಳಾಯಿತು. ಒಳಗೆ ತೆಳು ಹತ್ತಿ ಗ್ಲೌಸ್, ಮೇಲೆ ರಬ್ಬರ್. ಎರಡೂ ಸೇರಿ ನೂರೈವತ್ತರೊಳಗೆ ಆಗುತ್ತದೆ. ಅಡಿಕೆ ಸುಲಿಯುವವರಿಗೆ ಮಾತ್ರ ಇದು ನಡೆಯಲಿಲ್ಲ, ಗ್ಲೌಸ್ ಹಾಕಿದರೆ ಕೈ ಓಡುವುದಿಲ್ಲ, ಕೂಲಿ ಕಡಿಮೆಯಾಗುತ್ತದೆ. ಅವರಿಗೆ ಉಗುರು ಗಿಡ್ಡಕ್ಕೆ ಕತ್ತರಿಸುವುದೇ ಮದ್ದು.

ರಾತ್ರಿ ಉಗುರಿನ ಬುಡಕ್ಕೆ ಎಣ್ಣೆ. ಕೊಬ್ಬರಿ ಊರಿನವಳಾಗಿ ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಹೇಳಿದರೆ ನನ್ನನ್ನು ಊರಿಗೆ ಸೇರಿಸುವುದಿಲ್ಲ, ಆದರೂ ಅದೊಂದೇ ಸಾಲದು. ಗಾಣದ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಮೂರನೆಯದೊಂದು. ಮೂರನೆಯದೂ ಅಳತೆಯೂ ನನ್ನ ಹತ್ತಿರವೇ ಇರಲಿ. ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಒಬ್ಬ ಗಿರಾಕಿಗೆ ಎಡಗೈಗೆ ಮಾತ್ರ ಹಚ್ಚಿಸಿದೆ, ಗ್ಲೌಸ್ ಎರಡೂ ಕೈಗೆ. ಮೂರು ತಿಂಗಳಿಗೆ ಎಡಗೈ ಸೀಳು ನಿಂತಿತು, ಬಲಗೈ ಅರ್ಧ ದಾರಿಯಲ್ಲಿತ್ತು. ಎಡಗೈ ಕೆಲಸ ಕಡಿಮೆ ಮಾಡುತ್ತದೆ ಎಂದು ನನ್ನ ತಂಗಿ ತಕರಾರು ತೆಗೆದಳು. ಇನ್ನೊಬ್ಬರಿಗೆ ಬಲಗೈಗೆ ಹಚ್ಚಿಸಿದೆ, ಆಗ ಸುಮ್ಮನಾದಳು.

ತಾಳ್ಮೆ ತಪ್ಪದಂತೆ ನೋಡಿಕೊಳ್ಳುವುದು ದೊಡ್ಡ ಕಷ್ಟ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಬುಡದಿಂದ ತುದಿಗೆ ಆರು ತಿಂಗಳು ಬೇಕು. ಒಳಗಿನಿಂದ ಸರಿಯಾದದ್ದು ಬುಡದಲ್ಲಿ ಕಾಣುತ್ತದೆ, ಹಳೇ ತುದಿ ಸೀಳುತ್ತಲೇ ಇರುತ್ತದೆ. ಅದಕ್ಕೆ ಮೊದಲ ದಿನವೇ ಉಂಗುರದ ಬೆರಳಿನ ಉಗುರಿನ ಬುಡದಲ್ಲಿ ಫೈಲಿನ ಅಂಚಿನಿಂದ ಕೂದಲೆಳೆಯಷ್ಟು ಗೀಟು ಹಾಕಿ ಫೋಟೋ ತೆಗೆಯುತ್ತೇನೆ. ಪ್ರತಿ ತಿಂಗಳು ಗೀಟು ಮುಂದೆ ಸರಿದಿರುತ್ತದೆ, ಹಿಂದಿನದು ಹೊಸ ಉಗುರು. ಅದನ್ನು ಕಣ್ಣಾರೆ ಕಂಡವರು ಬಿಟ್ಟು ಹೋಗುವುದಿಲ್ಲ. ಆಳ ಹಾಕಿದರೆ ಅಲ್ಲೇ ಸೀಳುತ್ತದೆ, ಹುಷಾರು.

ಕೂದಲಿನ ವಿಷಯದಲ್ಲಿ ಇಷ್ಟು ಜಂಬ ಕೊಚ್ಚಿಕೊಳ್ಳಲಾರೆ. ಡೆಂಗಿಯೋ ಹೆರಿಗೆಯೋ ಆದ ಎರಡು ಮೂರು ತಿಂಗಳಿಗೆ ಹಿಡಿ ಹಿಡಿ ಉದುರುತ್ತದೆ, ಆಮೇಲೆ ಹೆಚ್ಚಿನವರಿಗೆ ತಾನಾಗಿ ನಿಲ್ಲುತ್ತದೆ. ಉದುರುವಾಗ ಡಬ್ಬಿ ಕೊಂಡವರಿಗೆ ಡಬ್ಬಿಯೇ ನಿಲ್ಲಿಸಿದಂತೆ ಕಾಣುತ್ತದೆ. ನಮ್ಮ ಲೈನಿನ ಅರ್ಧ ವ್ಯಾಪಾರ ಅದೇ. ಫೆರಿಟಿನ್ ತೀರ ಕೆಳಗಿದ್ದವರಲ್ಲಿ ನಾಲ್ಕೈದು ತಿಂಗಳಿಗೆ ಹಣೆಯಂಚಿನಲ್ಲಿ ಮರಿಗೂದಲು ಕಂಡಿದ್ದೇನೆ. ವಂಶದಿಂದ ಬೈತಲೆ ಅಗಲವಾಗುತ್ತಿರುವವರಿಗೆ ಯಾವ ಮಾತ್ರೆ, ಪುಡಿಯಿಂದಲೂ ಏನೂ ಆಗಿಲ್ಲ, ಅವರನ್ನು ನೇರ ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ.

ಬಯೋಟಿನ್‌ನಿಂದ ಇನ್ನೊಂದು ಫಜೀತಿ ಇದೆ, ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಒಬ್ಬರ ಥೈರಾಯ್ಡ್ ರಿಪೋರ್ಟ್ ತಲೆಕೆಳಗಾಗಿ ಬಂತು. ಹೊಸ ಡಾಕ್ಟರು ಮೊದಲು ಕೇಳಿದ್ದೇ, "ಕೂದಲಿಗೆ ಏನಾದ್ರೂ ಮಾತ್ರೆ ತಗೋತೀರಾ ಅಮ್ಮಾ?" ದೊಡ್ಡ ಪ್ರಮಾಣದ ಬಯೋಟಿನ್ ಕೆಲವು ರಕ್ತ ಪರೀಕ್ಷೆಗಳನ್ನೇ ದಾರಿ ತಪ್ಪಿಸುತ್ತದೆ, ಎದೆನೋವು ಬಂದಾಗ ಹೃದಯಾಘಾತವೇ ಎಂದು ನೋಡಲು ಮಾಡುವ ಟ್ರೋಪೊನಿನ್ ಪರೀಕ್ಷೆ ಕೂಡ ಕಡಿಮೆ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ಕೆಲವು ದಿನ ಬಿಟ್ಟು ಮತ್ತೆ ಮಾಡಿಸಿದರೆ ರಿಪೋರ್ಟ್ ಸರಿ ಇತ್ತು. ಅವತ್ತು ಸಂಜೆಯೇ ಉಳಿದ ಡಬ್ಬಿಗಳನ್ನು ಆ ಹುಡುಗನಿಗೆ ವಾಪಸ್ ಕೊಟ್ಟೆ, ಎರಡು ಸಾವಿರ ಚಿಲ್ಲರೆ ಇನ್ನೂ ಅವನಿಂದ ಬರಬೇಕು.

"ಜಾಸ್ತಿಯಾದ್ರೆ ಏನೂ ಆಗಲ್ಲ ಬಿಡಿ" ಎನ್ನುವವರಿಗೆ ನಾನು ಸೆಲೆನಿಯಂ ಎಂಬ ಖನಿಜವನ್ನು ತೋರಿಸುತ್ತೇನೆ. ಹೇರ್ ಆಂಡ್ ನೇಲ್ ಮಾತ್ರೆಗಳಲ್ಲಿ ಅದೂ ಇರುತ್ತದೆ, ಮಿತಿ ಮೀರಿದರೆ ಕೂದಲೂ ಉಗುರೂ ಅದರಿಂದಲೇ ಉದುರುತ್ತವೆ. 2025ರ ಶುರುವಿನಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಹಳ್ಳಿಗಳಲ್ಲಿ ಜನರ ತಲೆ ಇದ್ದಕ್ಕಿದ್ದಂತೆ ಬೋಳಾಗಿದ್ದು ಟಿವಿಯಲ್ಲಿ ಬಂತಲ್ಲ, ಅವರ ರಕ್ತದಲ್ಲಿ ಸೆಲೆನಿಯಂ ಹೆಚ್ಚಾಗಿ ಕಂಡಿತ್ತು. ವಿಟಮಿನ್ ಎ ಕೂಡ ಹಾಗೆಯೇ. ಎರಡು ಮೂರು ಬ್ರ್ಯಾಂಡ್ ಒಟ್ಟಿಗೆ ನುಂಗುವವರ ಡಬ್ಬಿಗಳನ್ನು ತರಿಸಿ ಲೇಬಲ್ ಕೂಡಿಸಿ ನೋಡಿ.

ಡಬ್ಬಿ ಬಿಟ್ಟ ಮೇಲೆ ಗಂಟು ಎಲ್ಲಿಂದ ಎನ್ನುವವರಿಗೆ: ತಿಂಗಳಿಗೊಮ್ಮೆ ಗೀಟು, ಫೋಟೋ, ಫೈಲಿಂಗ್, ಎಣ್ಣೆ ಸೇರಿ ಇನ್ನೂರೈವತ್ತು ತೆಗೆದುಕೊಳ್ಳುತ್ತೇನೆ, ಎಣ್ಣೆಯ ಪುಟ್ಟ ಬಾಟಲಿಗೆ ಬೇರೆ ನೂರಿಪ್ಪತ್ತು. ಆರು ತಿಂಗಳು ಬಂದೇ ಬರುತ್ತಾರೆ. ಹಳೇ ಮಾರ್ಜಿನ್‌ಗಿಂತ ಒಂದು ಕೈ ಮೇಲೇ ಇದೆ. ಫೈಲನ್ನು ಒಂದೇ ದಿಕ್ಕಿಗೆ ಎಳೆಯಿರಿ, ಆ ಆರು ತಿಂಗಳು ಜೆಲ್ ಕೇಳಿದರೂ ಹಾಕಬೇಡಿ.