ಅಳಿಸಿದ ಕಡತ ಅಲ್ಲೇ ಇದೆ: ಗಿಟ್‌ಹಬ್‌ನಿಂದ ಹಳೆಯ ಕಮಿಟ್ ತೆಗೆಯುವುದು ಹೇಗೆ?

ಬದಿಯಡ್ಕದ ಮನೆಯ ಜಗಲಿಯಲ್ಲಿ ಕುಳಿತು ನನ್ನ ಸೋದರಳಿಯ ಅಡಿಕೆ ಧಾರಣೆಯ ಆ್ಯಪ್ ಬರೆದ. ಹೊಸತು, ಹಳತು, ಡಬಲ್ ಚೋಲ್, ಪಟೋರ, ಕೋಕ ಎಲ್ಲದರ ದರವೂ ಬೆಳೆಗಾರರ ಮೊಬೈಲ್‌ಗೆ ಎಸ್‌ಎಂಎಸ್ ಆಗಿ ಹೋಗಬೇಕು. ಕೋಡನ್ನು ಗಿಟ್‌ಹಬ್‌ಗೆ (ಗಿಟ್ ಎಂಬ ತಂತ್ರಾಂಶದಿಂದ ದಾಖಲಿಸಿದ ಕೋಡನ್ನು ಇಡುವ ಜಾಲತಾಣ) ಏರಿಸುವಾಗ ಎಸ್‌ಎಂಎಸ್ ಸೇವೆಯ ಗುಪ್ತ ಕೀಲಿ ಇದ್ದ ‘ಡಾಟ್ ಇಎನ್‌ವಿ’ ಕಡತವೂ ಜತೆಗೆ ಹೋಯಿತು. ಮರುದಿನ ಕಡತ ಅಳಿಸಿ ಇನ್ನೊಂದು ಕಮಿಟ್ (ಆ ಹೊತ್ತಿನ ಕೋಡಿನ ದಾಖಲೆ) ಮಾಡಿ ನಿಶ್ಚಿಂತನಾದ. ಅಳಿದದ್ದು ಇಂದಿನ ಕಮಿಟ್‌ನಿಂದ ಮಾತ್ರ. ನಿನ್ನೆಯ ಕಮಿಟ್ ತೆರೆದರೆ ಕೀಲಿ ಹಾಗೆಯೇ ಕಾಣುತ್ತದೆ.

ಮೊದಲು ಮಾಡಬೇಕಾದ್ದು ಗಿಟ್‌ನ ಕೆಲಸವೇ ಅಲ್ಲ. ಸೇವೆ ಕೊಟ್ಟವರ ತಾಣಕ್ಕೆ ಹೋಗಿ ಹಳೆಯ ಕೀಲಿಯನ್ನು ರದ್ದುಮಾಡಿ, ಹೊಸದು ಪಡೆಯಿರಿ. ಸಾರ್ವಜನಿಕ ಕೋಡಿನಲ್ಲಿ ಕೀಲಿ ಹುಡುಕುವ ಬಾಟ್‌ಗಳು ಹಗಲಿರುಳು ತಿರುಗುತ್ತಿರುತ್ತವೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು; ಹೊರಬಿದ್ದ ಕೀಲಿಯದೂ ಅದೇ ಕತೆ.

ಇನ್ನು ಇತಿಹಾಸ. ಕೆಳಗಿನ ಆಜ್ಞೆಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಎಲ್ಲಕ್ಕೂ ಮೊದಲು ಇಡೀ ಫೋಲ್ಡರಿನ ಪ್ರತಿಯೊಂದನ್ನು ಬೇರೆಡೆ ತೆಗೆದಿಡಿ.

ಹಳೆಯ ಕಮಿಟ್ ಯಾವುದೂ ಬೇಡವೆಂದಾದರೆ ದಾರಿ ಸುಲಭ. ‘ಗಿಟ್ ಚೆಕ್‌ಔಟ್ --ಆರ್ಫನ್ ಹೊಸತು’ ಎಂದರೆ ಹಿಂದುಮುಂದಿಲ್ಲದ ಹೊಸ ಶಾಖೆ (ಕಮಿಟ್‌ಗಳ ಸಾಲು) ಹುಟ್ಟುತ್ತದೆ. ಅದರಲ್ಲಿ ಕಮಿಟ್ ಮಾಡಿ. ‘ಗಿಟ್ ಬ್ರಾಂಚ್ -ಡಿ ಮೇನ್’ ಎಂದು ‘ಮೇನ್’ ಹೆಸರಿನ ಹಳೆಯ ಮುಖ್ಯ ಶಾಖೆ ಕಡಿಯಿರಿ (ಡಿ ದೊಡ್ಡಕ್ಷರ). ‘ಗಿಟ್ ಬ್ರಾಂಚ್ -ಎಂ ಮೇನ್’ ಎಂದು ಹೊಸದಕ್ಕೆ ಆ ಹೆಸರಿಡಿ (ಎಂ ಸಣ್ಣಕ್ಷರ). ಕೊನೆಗೆ ‘ಗಿಟ್ ಪುಷ್ --ಫೋರ್ಸ್ ಒರಿಜಿನ್ ಮೇನ್’ ಎಂದು ಅದನ್ನು ಗಿಟ್‌ಹಬ್‌ಗೆ ಬಲವಂತವಾಗಿ ಏರಿಸಿ. ಶಾಖೆಗೆ ರಕ್ಷಣೆ ಹಾಕಿದ್ದರೆ ಗಿಟ್‌ಹಬ್ ಇದನ್ನು ಒಪ್ಪದು. ಸೆಟ್ಟಿಂಗ್ಸ್‌ನಲ್ಲಿ ಸ್ವಲ್ಪ ಹೊತ್ತು ತೆಗೆಯಿರಿ. ಬೇರೆ ಶಾಖೆ, ಟ್ಯಾಗ್‌ಗಳಿದ್ದರೆ (ಟ್ಯಾಗ್ ಎಂದರೆ ಕಮಿಟ್‌ಗೆ ಅಂಟಿಸಿದ ಹೆಸರು) ಹಳೆಯ ಕಮಿಟ್‌ಗಳು ಅವುಗಳಲ್ಲಿ ಉಳಿದಿರುತ್ತವೆ.

ಒಂದು ಕಡತದ ಗುರುತು ಮಾತ್ರ ಹೋಗಬೇಕೆಂದರೆ ‘ಗಿಟ್ ಫಿಲ್ಟರ್-ರೆಪೊ’ ಎಂಬ ಉಪಕರಣ ಬೇಕು. ಇದು ಗಿಟ್ ಜತೆ ಬರುವುದಿಲ್ಲ, ಪೈಥಾನ್‌ನ ‘ಪಿಪ್’ನಿಂದ ಹಾಕಿಕೊಳ್ಳಬೇಕು. ಗಿಟ್‌ಹಬ್‌ನಿಂದ ಹೊಸದಾಗಿ ಕ್ಲೋನ್ ಮಾಡಿದ (ಇಳಿಸಿಕೊಂಡ) ಪ್ರತಿಯಲ್ಲಿ, ಆಜ್ಞೆಯ ನಂತರ ‘--ಪಾತ್’, ಕಡತದ ಹೆಸರು, ‘--ಇನ್ವರ್ಟ್-ಪಾತ್ಸ್’ ಸೇರಿಸಿ ಓಡಿಸಿ. ಕೊನೆಯದನ್ನು ಮರೆತರೆ ಆ ಕಡತವೊಂದೇ ಉಳಿದು ಮಿಕ್ಕದ್ದೆಲ್ಲ ಹೋಗುತ್ತದೆ! ಉಪಕರಣವು ‘ಒರಿಜಿನ್’ ಎಂಬ ಗಿಟ್‌ಹಬ್ ವಿಳಾಸವನ್ನೂ ತೆಗೆದುಹಾಕುವುದರಿಂದ ಅದನ್ನು ಮತ್ತೆ ಸೇರಿಸಿ, ಎಲ್ಲ ಶಾಖೆ, ಟ್ಯಾಗ್‌ಗಳನ್ನು ಫೋರ್ಸ್ ಪುಷ್ ಮಾಡಿ. ಗಿಟ್ ಕಡೆಗಣಿಸಬೇಕಾದವುಗಳ ಪಟ್ಟಿಯಾದ ‘ಡಾಟ್ ಗಿಟ್‌ಇಗ್ನೋರ್’ನಲ್ಲಿ ಕಡತದ ಹೆಸರು ಬರೆಯಿರಿ.

ಇಷ್ಟಾದರೂ ಬೇರೆಯವರ ಫೋರ್ಕ್‌ಗಳಲ್ಲಿ (ಅವರು ಮಾಡಿಕೊಂಡ ನಕಲು), ಹಳೆಯ ಪುಲ್ ರಿಕ್ವೆಸ್ಟ್‌ಗಳಲ್ಲಿ (ಬದಲಾವಣೆ ಸೇರಿಸಿಕೊಳ್ಳಲು ಕೋರಿಕೆ) ಆ ಕಡತ ಉಳಿದಿರಬಹುದು. ಗಿಟ್‌ಹಬ್‌ನ ಸಹಾಯ ವಿಭಾಗಕ್ಕೆ ಬರೆಯಬಹುದು. ಆದರೆ ಕೀಲಿ ಬದಲಿಸಿದರೆ ಮುಗಿಯುವ ತೊಂದರೆಗೆ ಅವರು ಕೈಹಾಕುವುದಿಲ್ಲ. ಬೆಳೆಗಾರರ ಫೋನ್ ಸಂಖ್ಯೆಗಳಂಥವು ಸೋರಿದ್ದರೆ ಅವರ ನೆರವು ಬೇಕಾಗುತ್ತದೆ.

ಜತೆಗಾರರು ಹಳೆಯ ಪ್ರತಿ ಬಿಟ್ಟು ಹೊಸದಾಗಿ ಕ್ಲೋನ್ ಮಾಡಿಕೊಳ್ಳಲೇಬೇಕು. ನಮ್ಮವನು ಇದನ್ನು ಮುಳ್ಳೇರಿಯಾದ ಗೆಳೆಯನಿಗೆ ಹೇಳಲಿಲ್ಲ. ಅವನು ಎಂದಿನಂತೆ ಪುಲ್ ಮಾಡಿ (ಹೊಸ ಕಮಿಟ್ ಇಳಿಸಿ), ತನ್ನ ಹಳೆಯ ಪ್ರತಿಯೊಡನೆ ಮರ್ಜ್ ಮಾಡಿ (ಬೆಸೆದು) ಪುಷ್ ಒತ್ತಿದ. ಅಳಿಸಿದ್ದೆಲ್ಲ ಸಂಜೆಗೆ ವಾಪಸು.