ಅಗ್ಗದ ಹೊಸ ಬೋರ್ಡ್: ಕೆಲಸಕ್ಕೆ ಹಚ್ಚುವ ಮುನ್ನ ನಾನು ಹುಡುಕುವ ಕೊರತೆಗಳು

ಎರಡು ಮೂರು ಸಾವಿರ ರೂಪಾಯಿಗೆ ನಾಲ್ಕು ಕೋರ್, 1 ಜಿಬಿ ರ‍್ಯಾಮ್, ವೈಫೈ, ಈಥರ್ನೆಟ್ ಎಲ್ಲ ಇರುವ ಸಿಂಗಲ್ ಬೋರ್ಡ್ ಕಂಪ್ಯೂಟರ್ (ಒಂದೇ ಸರ್ಕ್ಯೂಟ್ ಹಲಗೆಯ ಪುಟ್ಟ ಕಂಪ್ಯೂಟರ್) ಸಿಗುತ್ತದೆ. ಡಬ್ಬಿಯ ಮೇಲೆ ಬರೆದದ್ದು ಸಾಮಾನ್ಯವಾಗಿ ಸುಳ್ಳಲ್ಲ. ಬೆಲೆ ಇಳಿಸಲು ಏನೇನು ಕೈಬಿಟ್ಟಿದ್ದಾರೆ ಎನ್ನುವುದು ಮಾತ್ರ ಅಲ್ಲಿ ಇರುವುದಿಲ್ಲ. ತೋಟದ ಪಂಪ್ ಮೇಲೆ ನಿಗಾ ಇಡುವುದು, ಸೆನ್ಸರ್ ಲೆಕ್ಕ ಬರೆದಿಡುವುದು, ಮನೆಯ ಫೈಲ್ ಸರ್ವರ್ — ಹೀಗೆ 24 ಗಂಟೆ ಓಡಬೇಕಾದ ಕೆಲಸಕ್ಕೆ ಇಡುವ ಮುನ್ನ ನಾನು ಒಂದೇ ಕ್ರಮದಲ್ಲಿ ಪರೀಕ್ಷೆ ಮಾಡುತ್ತೇನೆ: ಮೊದಲು ಪವರ್, ಆಮೇಲೆ ಬಿಸಿ, ಆಮೇಲೆ ಕಾರ್ಡ್, ಕೊನೆಗೆ ಸಾಫ್ಟ್‌ವೇರ್. ಕ್ರಮ ಮುಖ್ಯ. ವೋಲ್ಟೇಜ್ ಇಳಿದಾಗ ಬೋರ್ಡ್ ಸತ್ತುಹೋಗುವುದಿಲ್ಲ. ಯುಎಸ್‌ಬಿ ಬಿಟ್ಟು ಬಿಟ್ಟು ಬರುತ್ತದೆ, ಫೈಲ್ ಸಿಸ್ಟಂ ಕೆಡುತ್ತದೆ, ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಎಲ್ಲೆಲ್ಲೋ ಕುಸಿದು ಬೀಳುತ್ತದೆ. ನೋಡುವವರಿಗೆ ಅದು ಸಾಫ್ಟ್‌ವೇರ್ ದೋಷದ ಹಾಗೇ ಕಾಣುತ್ತದೆ, ವಾರಗಟ್ಟಲೆ ತಪ್ಪು ಜಾಗದಲ್ಲಿ ಹುಡುಕುತ್ತಾರೆ.

ಪವರ್ ಅಳೆಯಬೇಕಾದದ್ದು ಅಡಾಪ್ಟರ್ ಬಾಯಲ್ಲಲ್ಲ, ಬೋರ್ಡ್ ಮೇಲೆ. 40 ಪಿನ್ ಹೆಡರ್‌ನ (ಬೋರ್ಡ್ ಮೇಲಿನ ಪಿನ್‌ಗಳ ಸಾಲಿನ) 2 ಅಥವಾ 4ನೇ ಪಿನ್ 5 ವೋಲ್ಟ್, 6ನೇ ಪಿನ್ ಗ್ರೌಂಡ್. ಮಲ್ಟಿಮೀಟರನ್ನು ಅಲ್ಲಿಟ್ಟು, ನಾಲ್ಕೂ ಕೋರ್ ದುಡಿಯುವಂತೆ ಸ್ಟ್ರೆಸ್-ಎನ್‌ಜಿ ಎಂಬ ಪ್ರೋಗ್ರಾಂ ಓಡಿಸಿ, ಯುಎಸ್‌ಬಿ ಡ್ರೈವ್‌ಗೆ ದೊಡ್ಡ ಫೈಲ್ ಕಾಪಿ ಮಾಡುತ್ತಾ ನೋಡಬೇಕು. 4.75 ವೋಲ್ಟ್‌ಗಿಂತ ಕೆಳಗೆ ಹೋದರೆ ಕೇಬಲ್ ಬದಲಿಸುತ್ತೇನೆ. ಹೆಸರಾದ ರಾಸ್ಪ್‌ಬೆರಿ ಪೈ ಬೋರ್ಡ್‌ನಲ್ಲಿ 4.63 ವೋಲ್ಟ್‌ಗೆ ಇಳಿದರೆ ಎಚ್ಚರಿಕೆ ಕೊಡುವ ಸರ್ಕ್ಯೂಟ್ ಇದೆ. ಅಗ್ಗದ ಬೋರ್ಡ್‌ಗಳಲ್ಲಿ ಅದನ್ನೇ ಮೊದಲು ಕೈಬಿಟ್ಟಿರುತ್ತಾರೆ. ಹಾಗಾಗಿ ಲಾಗ್‌ನಲ್ಲಿ ಏನೂ ಕಾಣದಿದ್ದರೆ ಎಲ್ಲ ಸರಿ ಇದೆ ಎಂದುಕೊಳ್ಳಬಾರದು.

ಬಹುಪಾಲು ತಪ್ಪು ಕೇಬಲ್‌ನದೇ. ಲೆಕ್ಕ ಹಾಕಿದರೆ ತಿಳಿಯುತ್ತದೆ. 28 ಗೇಜ್ (ಸಂಖ್ಯೆ ಹೆಚ್ಚಾದಷ್ಟು ತಂತಿ ತೆಳು) ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೆಸಿಸ್ಟೆನ್ಸ್. ಹೋಗುವ ತಂತಿ, ಬರುವ ತಂತಿ ಸೇರಿ ಒಂದು ಮೀಟರ್ ಕೇಬಲ್‌ಗೆ 0.42 ಓಮ್. 1.5 ಆಂಪಿಯರ್ ಹರಿದಾಗ 0.63 ವೋಲ್ಟ್ ಕೇಬಲ್‌ನಲ್ಲೇ ಹೋಯಿತು. 5 ವೋಲ್ಟ್ ಅಡಾಪ್ಟರ್ ಇಟ್ಟರೂ ಬೋರ್ಡಿಗೆ ಸಿಗುವುದು 4.37. ಅದೇ 20 ಗೇಜ್ ಆದರೆ ನಷ್ಟ 0.1 ವೋಲ್ಟ್ ಮಾತ್ರ. ಒಳ್ಳೆಯ ಕೇಬಲ್‌ನ ಹೊರಮೈ ಮೇಲೆ ಗೇಜ್ ಅಚ್ಚಾಗಿರುತ್ತದೆ, ‘2ಸಿ’ ಜೊತೆಗಿರುವ ಸಂಖ್ಯೆ ಪವರ್ ತಂತಿಯದು, ‘1ಪಿ’ ಜೊತೆಗಿರುವುದು ಡೇಟಾ ತಂತಿಯದು. ಏನೂ ಅಚ್ಚಾಗದ ಕೇಬಲ್ಲನ್ನು ನಾನು ಬೋರ್ಡಿಗೆ ಹಾಕುವುದಿಲ್ಲ. ಮೈಕ್ರೋ ಯುಎಸ್‌ಬಿ ಕನೆಕ್ಟರ್ ಇದ್ದರೆ ಇನ್ನೊಂದು ಮಿತಿಯೂ ಇದೆ: ಅದರ ಪವರ್ ಸಂಪರ್ಕಕ್ಕೆ ಹೇಳಿರುವುದೇ 1.8 ಆಂಪಿಯರ್. ಹಾರ್ಡ್ ಡಿಸ್ಕ್ ಜೋಡಿಸುವುದಿದ್ದರೆ ಡಿಸ್ಕ್‌ಗೆ ಬೇರೆ ಪವರ್ ಇರುವ ಹಬ್ ಬೇಕೇ ಬೇಕು.

ಮೀಟರ್ ತೋರಿಸದ ಕ್ಷಣಿಕ ಇಳಿತಗಳೂ ಇರುತ್ತವೆ, ವೈಫೈ ಪ್ರಸಾರ ಶುರುವಾದಾಗ ಕೆಲವು ಮಿಲಿಸೆಕೆಂಡ್. ಇದಕ್ಕೆ ಹೆಡರ್‌ನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ 1000 ಮೈಕ್ರೋಫ್ಯಾರಡ್, 16 ವೋಲ್ಟ್‌ನ ಲೋ ಇಎಸ್‌ಆರ್ (ಒಳ ರೆಸಿಸ್ಟೆನ್ಸ್ ಕಡಿಮೆ ಇರುವ) ಕೆಪಾಸಿಟರ್ ಹಾಕುತ್ತೇನೆ. ಬಿಳಿ ಪಟ್ಟಿ ಇರುವ ಕಾಲು ಗ್ರೌಂಡಿಗೆ. ಪವರನ್ನೇ ಹೆಡರ್ ಮೂಲಕ ಕೊಡುವುದಾದರೆ ಬೋರ್ಡ್ ಮೇಲಿನ ಫ್ಯೂಸ್ ದಾಟಿಹೋಗುವ ಸಾಧ್ಯತೆ ಇರುವುದರಿಂದ ಹೊರಗೆ 3 ಆಂಪಿಯರ್ ಫ್ಯೂಸ್ ಹಾಕಿಯೇ ಕೊಡಬೇಕು.

ಟೈಪ್-ಸಿ ಬೋರ್ಡ್‌ಗಳಲ್ಲಿ ಮತ್ತೊಂದು ಸಂಗತಿ. 2019ರಲ್ಲಿ ರಾಸ್ಪ್‌ಬೆರಿ ಪೈ 4 ಬಂದಾಗ ಅದರ ಎರಡು ಸಿಸಿ ಪಿನ್‌ಗಳು (ಏನು ಜೋಡಿಸಿದೆ ಎಂದು ಚಾರ್ಜರ್‌ಗೆ ತಿಳಿಸುವವು) ಒಂದೇ 5.1 ಕಿಲೋ ಓಮ್ ರೆಸಿಸ್ಟರ್ ಹಂಚಿಕೊಂಡಿದ್ದವು. ಇ-ಮಾರ್ಕ್ (ಕೇಬಲ್‌ನ ಸಾಮರ್ಥ್ಯ ಹೇಳುವ) ಚಿಪ್ ಇರುವ ಕೇಬಲ್ ಹಾಕಿದರೆ ಚಾರ್ಜರ್ ಅದನ್ನು ಆಡಿಯೋ ಸಾಧನ ಎಂದುಕೊಂಡು ಪವರ್ ಕೊಡುತ್ತಿರಲಿಲ್ಲ. ಪೈ ತಯಾರಕರು ಆ ತಪ್ಪನ್ನು ಒಪ್ಪಿಕೊಂಡು ಮುಂದಿನ ಆವೃತ್ತಿಯಲ್ಲಿ ತಿದ್ದಿದರು. ಅದೇ ತಪ್ಪು, ಅಥವಾ ರೆಸಿಸ್ಟರ್‌ಗಳೇ ಇಲ್ಲದ ವಿನ್ಯಾಸ, ಅಗ್ಗದ ಬೋರ್ಡ್‌ಗಳಲ್ಲಿ ಇನ್ನೂ ಸಿಗುತ್ತದೆ. ಟೈಪ್-ಸಿ ಬ್ರೇಕ್‌ಔಟ್ (ಪಿನ್‌ಗಳನ್ನು ಹೊರಗೆ ತಂದಿರುವ ಪುಟ್ಟ ಪ್ಲಗ್ ಹಲಗೆ) ಚುಚ್ಚಿ, ಪವರ್ ಇಲ್ಲದೆ ಓಮ್ ಅಳೆಯಿರಿ: ಪ್ರತಿ ಸಿಸಿ ಪಿನ್‌ನಿಂದ ಗ್ರೌಂಡಿಗೆ 5.1 ಕಿಲೋ, ಎರಡು ಸಿಸಿಗಳ ನಡುವೆ ಸುಮಾರು 10.2 ಕಿಲೋ ಬರಬೇಕು. ನಡುವೆ ಸೊನ್ನೆ ಬಂದರೆ ಹಂಚಿಕೊಂಡ ರೆಸಿಸ್ಟರ್. ಎಲ್ಲೂ ಏನೂ ಬಾರದಿದ್ದರೆ ಆ ಬೋರ್ಡ್ ಸಿ-ಯಿಂದ-ಸಿ ಕೇಬಲ್‌ನಲ್ಲಿ ಎಂದೂ ಎದ್ದೇಳದು, ಎ-ಯಿಂದ-ಸಿ ಕೇಬಲ್ ಬೇಕು.

ಇನ್ನು ಬಿಸಿ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ, ರಾಯಚೂರು ಕಲಬುರಗಿ ಕಡೆಯ 40 ಡಿಗ್ರಿ ಬೇಸಿಗೆ ಎರಡೂ ಸೇರಿದರೆ ಹೀಟ್‌ಸಿಂಕ್ ಇಲ್ಲದ ಬೋರ್ಡ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಲಿನಕ್ಸ್‌ನ ‘ಥರ್ಮಲ್ ಝೋನ್ 0’ ಎಂಬಲ್ಲಿನ ಉಷ್ಣತೆಯ ಫೈಲ್ ಓದಿದರೆ ಮಿಲಿಡಿಗ್ರಿಯಲ್ಲಿ ಉಷ್ಣತೆ ಸಿಗುತ್ತದೆ, 81000 ಎಂದರೆ 81 ಡಿಗ್ರಿ. ಅದನ್ನೂ ಈಗಿನ ಕ್ಲಾಕ್ ವೇಗವನ್ನೂ ಐದು ಸೆಕೆಂಡಿಗೊಮ್ಮೆ ಬರೆಯುತ್ತಾ ಇಪ್ಪತ್ತು ನಿಮಿಷ ಓಡಿಸಿ. ಮೊದಲ ಎರಡು ನಿಮಿಷದ ವೇಗ ಬೆಂಚ್‌ಮಾರ್ಕಿಗೆ, ಇಪ್ಪತ್ತನೇ ನಿಮಿಷದ ವೇಗ ನಿಮ್ಮ ಕೆಲಸಕ್ಕೆ. ನಾನು ಹೀಟ್‌ಸಿಂಕ್‌ಗಿಂತ ಮೊದಲು ಗರಿಷ್ಠ ಕ್ಲಾಕನ್ನೇ ಒಂದು ಮೆಟ್ಟಿಲು ಇಳಿಸುತ್ತೇನೆ. ಮೇಲಿನ ಮೆಟ್ಟಿಲಿಗೆ ವೋಲ್ಟೇಜ್ ಹೆಚ್ಚು ಬೇಕು, ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, 1.3ರಿಂದ 1.1 ವೋಲ್ಟ್‌ಗೆ ಇಳಿದರೆ ಅಷ್ಟಕ್ಕೇ 28 ಶೇಕಡಾ ಉಳಿತಾಯ. ಬೋರ್ಡನ್ನು ಮಲಗಿಸದೆ ನಿಲ್ಲಿಸಿದರೂ ಎರಡೂ ಮುಖಕ್ಕೆ ಗಾಳಿ ತಾಗಿ ಗುಣ ಕಾಣುತ್ತದೆ.

ಕಾರ್ಡ್ ವಿಷಯ ಚಿಕ್ಕದು. ಹೊಸ ಮೈಕ್ರೋ ಎಸ್‌ಡಿ ಕಾರ್ಡ್ ತಂದ ತಕ್ಷಣ ಎಫ್‌3 ಎಂಬ ಪರೀಕ್ಷಾ ಪ್ರೋಗ್ರಾಂ ಓಡಿಸಿ ಪೂರ್ತಿ ತುಂಬಿ ಓದಿ ನೋಡಬೇಕು. 64 ಜಿಬಿ ಎಂದು ಬರೆದು ಒಳಗೆ 8 ಇರುವ ಕಾರ್ಡ್ ಮಾರುಕಟ್ಟೆಯಲ್ಲಿ ಧಾರಾಳ. ಕಾರ್ಡ್ ಮೇಲೆ ಎ1 ಎಂಬ ವೇಗದ ದರ್ಜೆಯ ಗುರುತು ಇದ್ದರೆ ಸಾಕು. ಎ2 ಕಾರ್ಡಿನ ವೇಗಕ್ಕೆ ಬೋರ್ಡಿನ ಬೆಂಬಲ ಬೇಕು, ಅದಿಲ್ಲದ ಕಡೆ ಹೆಚ್ಚಿಗೆ ಕೊಟ್ಟ ದುಡ್ಡು ದಂಡ. ಕಾರ್ಡ್ ಮೇಲೆ ಬರೆಯುವುದು ತಗ್ಗಲು ಲಾಗನ್ನು ರ‍್ಯಾಮ್‌ನಲ್ಲಿ, ಸ್ವಾಪನ್ನು (ರ‍್ಯಾಮ್ ಸಾಲದಾಗ ಬಳಸುವ ಜಾಗ) ಝಡ್‌ರ‍್ಯಾಮ್‌ನಲ್ಲಿ, ಅಂದರೆ ರ‍್ಯಾಮ್‌ನಲ್ಲೇ ಒತ್ತಿ ಚಿಕ್ಕದಾಗಿಸಿ, ಇಡುತ್ತೇನೆ.

ಹೆಚ್ಚು ಜನ ಗಮನಿಸದ ಕೊರತೆ ಗಡಿಯಾರ. ಬ್ಯಾಟರಿ ಇರುವ ಆರ್‌ಟಿಸಿ (ಗಡಿಯಾರದ ಚಿಪ್) ಇಲ್ಲದ ಬೋರ್ಡ್, ಕರೆಂಟ್ ಹೋಗಿ ಬಂದಾಗ 1970ರಲ್ಲೋ ಕೊನೆಯ ಬಾರಿ ಉಳಿಸಿದ ಗಂಟೆಯಲ್ಲೋ ಎದ್ದೇಳುತ್ತದೆ. ಇಂಟರ್ನೆಟ್ ಇದ್ದರೆ ಸರಿಹೋಗುತ್ತದೆ. ಇಲ್ಲದಿದ್ದರೆ ಸೆನ್ಸರ್ ಲೆಕ್ಕ ಹಳೆಯ ದಿನಾಂಕದಲ್ಲಿ ಸೇರಿಕೊಳ್ಳುತ್ತದೆ. ಇಂಟರ್ನೆಟ್ ಬಂದರೂ ಸಮಯ ಸರಿಹೋಗುವ ಮೊದಲು ಶುರುವಾದ ಪ್ರೋಗ್ರಾಂಗಳು ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಎಂದು ನಿಂತುಬಿಡುತ್ತವೆ. ಡಿಎಸ್ 3231 ಎಂಬ ಗಡಿಯಾರದ ಮಾಡ್ಯೂಲ್ ಹಾಕಿದರೆ ವರ್ಷಕ್ಕೆ ಸುಮಾರು ಒಂದು ನಿಮಿಷದೊಳಗಿನ ವ್ಯತ್ಯಾಸ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಎಲ್ಲರಲ್ಲೂ ಸಿಗುವ ನೀಲಿ ಮಾಡ್ಯೂಲ್‌ನಲ್ಲಿ ಒಂದು ಅಪಾಯ ಇದೆ: ಅದರಲ್ಲಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ, ಚಾರ್ಜ್ ಆಗಬಾರದ ಸಿಆರ್ 2032 ಸೆಲ್ ಹಾಕಿ 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬುತ್ತದೆ. ‘201’ ಎಂದು ಬರೆದ ಪುಟ್ಟ ರೆಸಿಸ್ಟರನ್ನು ಸೋಲ್ಡರಿಂಗ್ ಐರನ್‌ನಿಂದ ತೆಗೆದುಬಿಡಿ, ಪವರ್ 3.3 ವೋಲ್ಟ್ ಪಿನ್‌ನಿಂದ ಕೊಡಿ.

ಜೋಡಿಸಿದ ಮೇಲೆ ಐ2ಸಿ (ಚಿಪ್‌ಗಳನ್ನು ಜೋಡಿಸುವ ಎರಡು ತಂತಿಯ ದಾರಿ) ಹುಡುಕಾಟದಲ್ಲಿ 68ರ ಜಾಗದಲ್ಲಿ ಸಂಖ್ಯೆ ಕಂಡರೆ ಚಿಪ್ ಸಿಕ್ಕಿದೆ, ಡ್ರೈವರ್ ಹಿಡಿದಿಲ್ಲ. ಆಗ ಡಿವೈಸ್ ಟ್ರೀಗೆ (ಯಾವ ಚಿಪ್ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಪಟ್ಟಿ) ಓವರ್‌ಲೇ, ಅಂದರೆ ಹೆಚ್ಚುವರಿ ತುಣುಕು, ಸೇರಿಸಬೇಕು. ‘ಯುಯು’ ಕಂಡರೆ ಹಿಡಿದಿದೆ. ಇಷ್ಟಾದರೂ ಸಮಯ ತಪ್ಪಾಗಿಯೇ ಬರುವುದುಂಟು. ಕಾರಣ, ಬಹಳಷ್ಟು ಬೋರ್ಡ್‌ಗಳ ಮುಖ್ಯ ಚಿಪ್‌ನ ಒಳಗೇ ಬ್ಯಾಟರಿ ಇಲ್ಲದ ಒಂದು ಆರ್‌ಟಿಸಿ ಇದ್ದು ಅದು ಆರ್‌ಟಿಸಿ 0 ಆಗಿ ಕೂತಿರುತ್ತದೆ, ನಮ್ಮದು ಆರ್‌ಟಿಸಿ 1 ಆಗುತ್ತದೆ, ಕರ್ನಲ್ ಓದುವುದು 0ಯನ್ನು. ಡಿವೈಸ್ ಟ್ರೀಯ ಏಲಿಯಸ್ (ಅಡ್ಡಹೆಸರು) ಪಟ್ಟಿಯಲ್ಲಿ ನಮ್ಮದನ್ನೇ 0 ಮಾಡುವುದು ಸರಿಯಾದ ದಾರಿ.

ಸಾಫ್ಟ್‌ವೇರ್‌ಗೆ ಬಂದರೆ ನಾನು ಮೊದಲು ನೋಡುವುದು ಕರ್ನಲ್ ಆವೃತ್ತಿ. ಚಿಪ್ ತಯಾರಕರು ಆಂಡ್ರಾಯ್ಡ್ ಬಾಕ್ಸ್‌ಗೆಂದು ಮಾಡಿದ ಹಳೆಯ ಕರ್ನಲ್ಲನ್ನೇ ಬೋರ್ಡ್‌ನ ಲಿನಕ್ಸ್ ಇಮೇಜಿಗೂ (ಕಾರ್ಡಿಗೆ ಬರೆಯುವ ಸಿದ್ಧ ಪ್ರತಿ) ಹಾಕಿರುತ್ತಾರೆ. 4.9 ಕಂಡರೆ, ಅದಕ್ಕೆ ಭದ್ರತಾ ತಿದ್ದುಪಡಿ ನಿಂತದ್ದು 2023ರ ಜನವರಿಯಲ್ಲಿ. ಇದು ಬರೀ ಶಾಸ್ತ್ರದ ಮಾತಲ್ಲ: 2016ರಲ್ಲಿ ಆಲ್‌ವಿನ್ನರ್ ಎಂಬ ಚಿಪ್ ಕಂಪನಿಯ 3.4 ಕರ್ನಲ್‌ನಲ್ಲಿ, ಒಂದು ಡೀಬಗ್ ಫೈಲಿಗೆ ‘ರೂಟ್‌ಮೈಡಿವೈಸ್’ ಎಂದು ಬರೆದರೆ ಯಾವ ಪ್ರೋಗ್ರಾಂ ಬೇಕಾದರೂ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗುವ ಬಾಗಿಲು ಸಿಕ್ಕಿತ್ತು. ಆರ್ಮ್‌ಬಿಯನ್‌ನಲ್ಲೋ (ಇಂಥ ಬೋರ್ಡ್‌ಗಳಿಗೆಂದೇ ಇರುವ ಲಿನಕ್ಸ್) ಮೇನ್‌ಲೈನ್, ಅಂದರೆ ಲಿನಕ್ಸ್‌ನ ಮೂಲ, ಕರ್ನಲ್‌ನಲ್ಲೋ ಆ ಬೋರ್ಡಿಗೆ ಬೆಂಬಲ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಇಲ್ಲದಿದ್ದರೆ ಬಿಟ್ಟುಬಿಡಿ, ಎಷ್ಟೇ ಕೋರ್ ಇರಲಿ. ‘4ಕೆ ವಿಡಿಯೋ’ ಎಂಬ ಮಾತೂ ಎಷ್ಟೋ ಸಲ ತಯಾರಕರ ಆಂಡ್ರಾಯ್ಡ್‌ಗೆ ಮಾತ್ರ ಅನ್ವಯ.

ತಯಾರಕರ ಇಮೇಜನ್ನೇ ಬಳಸಬೇಕಾದರೆ ಮೂರು ಕೆಲಸ ತಪ್ಪದೆ ಮಾಡುತ್ತೇನೆ. ಎಸ್‌ಎಸ್‌ಎಚ್ ಹೋಸ್ಟ್ ಕೀಗಳು (ದೂರದಿಂದ ಲಾಗಿನ್ ಆಗುವಾಗ ಬೋರ್ಡಿನ ಗುರುತು ಹೇಳುವವು) ಇಮೇಜಿನಲ್ಲೇ ಸೇರಿ ಬಂದಿದ್ದರೆ ಆ ಇಮೇಜ್ ಹಾಕಿದ ಎಲ್ಲರ ಬೋರ್ಡಿಗೂ ಒಂದೇ ಕೀ. ಅಳಿಸಿ ಹೊಸದು ಮಾಡಬೇಕು. ಲಿನಕ್ಸ್ ಯಂತ್ರದ ಗುರುತಿನ ಸಂಖ್ಯೆಯಾದ ಮಷಿನ್-ಐಡಿಯೂ ಹಾಗೇ, ಎರಡು ಬೋರ್ಡ್‌ಗೆ ಒಂದೇ ಇದ್ದರೆ ರೂಟರ್ ಇಬ್ಬರಿಗೂ ಒಂದೇ ಐಪಿ ಕೊಟ್ಟು ಜಗಳ ಹಚ್ಚುತ್ತದೆ. ಮ್ಯಾಕ್ ವಿಳಾಸದ (ನೆಟ್‌ವರ್ಕ್ ಪೋರ್ಟಿನ ಗುರುತು) ಕಥೆ ಇದಕ್ಕೆ ತಿರುಗುಮುರುಗು: ವಿಳಾಸ ಬರೆದಿಡುವ ಚಿಪ್ ಇಲ್ಲದಿದ್ದರೆ, ಪ್ರತಿ ಬೂಟ್‌ನಲ್ಲಿ ಹೊಸ ವಿಳಾಸ ಹುಟ್ಟುತ್ತದೆ, ಐಪಿ ಬದಲಾಗುತ್ತದೆ. ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಸ್ಥಿರ ವಿಳಾಸ ಕೊಡಿ. ಮೊದಲ ಬೈಟಿನ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲೊಂದು ಆಗಿರಬೇಕು.

ಕೊನೆಯದಾಗಿ ಸೀರಿಯಲ್ ಕನ್ಸೋಲ್ (ಬೂಟ್ ಸಂದೇಶಗಳನ್ನು ತಂತಿಯಿಂದ ಓದುವ ದಾರಿ) ಜೋಡಿಸಿ, ಟೈಮರ್ ರಿಲೇಯಿಂದ ಮೂರು ನಿಮಿಷಕ್ಕೊಮ್ಮೆ ಪವರ್ ಕಡಿದು ನೂರು ಸಲ ಬೂಟ್ ಮಾಡಿಸುತ್ತೇನೆ. ಸೀರಿಯಲ್ ಅಡಾಪ್ಟರ್ 3.3 ವೋಲ್ಟ್‌ನಲ್ಲಿರಲಿ, ವೇಗ ಸಾಮಾನ್ಯವಾಗಿ 115200, ರಾಕ್‌ಚಿಪ್ ಕಂಪನಿಯ ಚಿಪ್ ಇರುವ ಬೋರ್ಡ್‌ಗಳಲ್ಲಿ 1500000, ಹಳೆಯ ಸಿಪಿ 2102 ಚಿಪ್‌ನ ಅಡಾಪ್ಟರ್ ಅಷ್ಟು ವೇಗ ಮುಟ್ಟದು. ಈ ಪರೀಕ್ಷೆಯಲ್ಲಿ ಒಂದು ಮೋಸ ಆಗುತ್ತದೆ. ಪವರ್ ಕಡಿದ ಮೇಲೂ ಬೋರ್ಡ್‌ನ ಎಲ್‌ಇಡಿ ಮಂಕಾಗಿ ಉರಿಯುತ್ತಿದ್ದರೆ, ಸೀರಿಯಲ್ ಅಡಾಪ್ಟರ್‌ನ ಟಿಎಕ್ಸ್ (ಡೇಟಾ ಕಳಿಸುವ) ತಂತಿಯಿಂದ ಚಿಪ್ಪಿನೊಳಗೆ ಕರೆಂಟ್ ಸೋರುತ್ತಿದೆ. ಚಿಪ್ ಪೂರ್ತಿ ಆರುವುದಿಲ್ಲ, ಮುಂದಿನ ಬೂಟ್ ಅರ್ಧದಲ್ಲಿ ನಿಲ್ಲುತ್ತದೆ, ತಪ್ಪು ಬೋರ್ಡಿನ ತಲೆಗೆ ಬರುತ್ತದೆ. ಆ ತಂತಿಗೆ ಸರಣಿಯಲ್ಲಿ 1 ಕಿಲೋ ಓಮ್ ಹಾಕಿ, ಎಲ್‌ಇಡಿ ಆಗಲೂ ಆರದಿದ್ದರೆ ಟಿಎಕ್ಸ್ ಬಿಚ್ಚಿ ಆರ್‌ಎಕ್ಸ್ (ಪಡೆಯುವ ತಂತಿ) ಮತ್ತು ಗ್ರೌಂಡ್ ಮಾತ್ರ ಉಳಿಸಿ. ನೂರರಲ್ಲಿ ಒಂದು ಸಲ ನಿಂತರೂ ಹಾರ್ಡ್‌ವೇರ್ ವಾಚ್‌ಡಾಗ್ (ಸಿಸ್ಟಂ ನಿಂತರೆ ತಾನಾಗಿ ಮರುಬೂಟ್ ಮಾಡುವ ಟೈಮರ್) ಆನ್ ಮಾಡುತ್ತೇನೆ. ಕೆಲವು ಚಿಪ್‌ಗಳಲ್ಲಿ ಅದಕ್ಕೆ 16 ಸೆಕೆಂಡ್‌ಗಿಂತ ಹೆಚ್ಚು ಅವಧಿ ಕೊಡಲು ಬರುವುದಿಲ್ಲ. ಅದು ಕಾಯುವುದು ಕರ್ನಲ್ ಎದ್ದ ಮೇಲೆ ಮಾತ್ರ. ಯು-ಬೂಟ್ (ಕರ್ನಲ್ಲನ್ನು ಎಬ್ಬಿಸುವ ಪ್ರೋಗ್ರಾಂ) ಹಂತದಲ್ಲೇ ನಿಲ್ಲುವ ಬೋರ್ಡನ್ನು ನಾನು ದೂರದ ಜಾಗಕ್ಕೆ ಕಳಿಸುವುದಿಲ್ಲ, ಮೇಜಿನ ಮೇಲಿನ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ.