ಬೆಳ್ಳಿ ಗೆಜ್ಜೆ ಕೊಳ್ಳುವಾಗ ಮೊದಲು ಕೊಂಡಿ ನೋಡಿ

ಮಗಳಿಗೆ ಗೆಜ್ಜೆ ಎಂಥದ್ದು ಒಳ್ಳೆಯದು ಅಂತ ಕೇಳಿದ್ದಿರಲ್ವಾ, ನನ್ನ ಅನುಭವ ಹೇಳುತ್ತೇನೆ.

ಮಜೂರಿ (ಮಾಡುವ ಕೂಲಿ) ಕಡಿಮೆ ಅಂತ ಒಮ್ಮೆ ತೆಳ್ಳಗಿನ ಗೆಜ್ಜೆ ತಂದಿದ್ದೆ. ಆರೇ ತಿಂಗಳು. ಮಲ್ಪೆ ಬೀಚಿನಲ್ಲಿ ಕೊಂಡಿ ಬಿಟ್ಟು ಒಂದು ಕಾಲಿನದು ಮರಳಲ್ಲಿ ಹೋಯಿತು. ತುಂಬಾ ಬೇಜಾರಾಯಿತು. ಆದರೆ ನನ್ನ ಅಜ್ಜಿ ಅಕ್ಕಸಾಲಿ ಆಚಾರಿಯವರ ಹತ್ತಿರ ಹೇಳಿ ಮಾಡಿಸಿದ ಬೆಳ್ಳಿ ನೇವಳ, ಅಂದರೆ ಸೊಂಟದ ಸರ, ನೋಡಿ. ಅಮ್ಮ ಕಟ್ಟಿಕೊಂಡರು, ನಾನು ಕಟ್ಟಿಕೊಂಡೆ, ಈಗ ನನ್ನ ಮಗಳ ಸೊಂಟದಲ್ಲಿದೆ. ಅದರ ಒಂದೊಂದು ಕೊಂಡಿಯ ಬಾಯಿಗೂ ಬೆಸುಗೆ ಹಾಕಿದ್ದಾರೆ. ಉಗುರಿನಿಂದ ಸವರಿದರೆ ಸಂದೇ ಸಿಗುವುದಿಲ್ಲ.

ಅಂಗಡಿಯಲ್ಲೂ ಹೀಗೇ ಸವರಿ ನೋಡಿ. ಉಗುರು ಸಿಕ್ಕಿಕೊಂಡರೆ ಬೇಡ. ನಾಳೆ ಅದೇ ಸಂದು ಸೀರೆಯ ನೂಲು ಎಳೆಯುತ್ತದೆ, ಆಮೇಲೆ ಬಿಟ್ಟುಕೊಳ್ಳುತ್ತದೆ.

925 ಮುದ್ರೆ ಅಂದರೆ ನೂರರಲ್ಲಿ 92.5 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಆ ತಾಮ್ರ ಬೇಕೇ ಬೇಕು. ಅಪ್ಪಟ ಬೆಳ್ಳಿ ಮೆದು, ದಿನಾ ಹಾಕಿದರೆ ಬಾಗುತ್ತದೆ. ಶುದ್ಧತೆಗೆ ಸರ್ಕಾರಿ ಸಂಸ್ಥೆ ಬಿಐಎಸ್‌ನ ಹಾಲ್‌ಮಾರ್ಕ್ ಇದ್ದರೆ ಇನ್ನೂ ನೆಮ್ಮದಿ.

ಕೈಕೆಲಸಕ್ಕೆ ಮಜೂರಿ ಜಾಸ್ತಿ, ನಿಜ. ಆದರೆ ಗಟ್ಟಿಯಾಗಿ ಮಾಡಿದ್ದು ಸವೆದರೂ ಮತ್ತೆ ಬೆಸುಗೆ ಹಾಕಿಸಬಹುದು.

ನಮ್ಮ ಕರಾವಳಿಯ ತೇವಕ್ಕೆ ಬೆಳ್ಳಿ ಬೇಗ ಕಪ್ಪಾಗುತ್ತದೆ. ಹೆದರಬೇಡಿ, ಅದು ಗಾಳಿಯಲ್ಲಿರುವ ಗಂಧಕದ ಕೆಲಸ. ಅಂಟುವಾಳ ನೆನೆಸಿದ ನೀರಲ್ಲಿ ಮೆತ್ತಗಿನ ಬ್ರಷ್ ಅದ್ದಿ ತಿಕ್ಕಿದರೆ ಸಾಕು. ಟೂತ್‌ಪೇಸ್ಟ್ ಮಾತ್ರ ಹಚ್ಚಬೇಡಿ, ಗೀರು ಬೀಳುತ್ತದೆ. ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಒಂದು ತುಂಡಿನ ಜೊತೆ ಜಿಪ್ ಕವರ್‌ನಲ್ಲಿ ಹಾಕಿಡಿ.